ಹಳೇ ಲ್ಯಾಪ್‌ಟಾಪ್‌ನಲ್ಲಿ ವಲ್ಕನ್ ಸ್ಯಾಂಪಲ್ಸ್: ಸೋರ್ಸ್‌ನಿಂದ ಬಿಲ್ಡ್ ಮಾಡುವ ಬಗೆ

ಮೈಸೂರು, ಮಂಡ್ಯ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಗ್ರಾಫಿಕ್ಸ್ ಲ್ಯಾಬ್ ಅಂದರೆ ಬಹಳ ಜನಕ್ಕೆ ನೆನಪಾಗುವುದು ಓಪನ್‌ಜಿಎಲ್, ಗ್ಲಟ್, ಮತ್ತು ಸುತ್ತುತ್ತಾ ಇರುವ ಒಂದು ಬಣ್ಣದ ಕ್ಯೂಬ್. ಶುರು ಮಾಡಲಿಕ್ಕೆ ಅದು ಚೆನ್ನಾಗಿಯೇ ಇದೆ. ಆದರೆ ಓಪನ್‌ಜಿಎಲ್ ಬಂದದ್ದು 1992ರಲ್ಲಿ. ಆಮೇಲೆ ಜಿಪಿಯುಗಳು, ಅಂದರೆ ಚಿತ್ರದ ಲೆಕ್ಕ ಮಾಡುವ ಚಿಪ್‌ಗಳು, ಪೂರ್ತಿ ಬದಲಾದವು. ಈಗಿನ ಗೇಮ್ ಎಂಜಿನ್‌ಗಳು, ಆಂಡ್ರಾಯ್ಡ್ ಫೋನುಗಳು ಜಿಪಿಯು ಜೊತೆ ಮಾತಾಡುವ ರೀತಿಯೇ ಬೇರೆ. 2016ರ ಫೆಬ್ರವರಿಯಲ್ಲಿ, ಓಪನ್‌ಜಿಎಲ್ ನೋಡಿಕೊಳ್ಳುವ ಸಂಸ್ಥೆಯಾದ ಖ್ರೋನೋಸ್ ಗ್ರೂಪ್ ಬಿಡುಗಡೆ ಮಾಡಿದ ವಲ್ಕನ್ ಅಂಥ ರೀತಿಗಳಲ್ಲಿ ಒಂದು. ಅದನ್ನು ಕಲಿಯಲಿಕ್ಕೆ ಖ್ರೋನೋಸ್‌ನವರೇ ಇಟ್ಟಿರುವ ಕೋಡ್ ರಾಶಿಯ ಹೆಸರು ವಲ್ಕನ್ ಸ್ಯಾಂಪಲ್ಸ್. ತ್ರಿಕೋನದಿಂದ ಹಿಡಿದು ರೇ ಟ್ರೇಸಿಂಗ್ (ಬೆಳಕಿನ ಕಿರಣದ ಹಾದಿ ಲೆಕ್ಕ ಹಾಕಿ ಚಿತ್ರ ಮಾಡುವ ಬಗೆ) ತನಕ ಎಲ್ಲವೂ ಅದರಲ್ಲಿದೆ, ಪುಕ್ಕಟೆಯಾಗಿ.

ಅದನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಿ (ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ಮಾಡಿ), ಓಡಿಸಿ, ಅದರಲ್ಲಿ ನಿಮ್ಮದೊಂದು ಬದಲಾವಣೆ ಮಾಡುವವರೆಗೆ ಈ ಲೇಖನ ಕರೆದುಕೊಂಡು ಹೋಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪೈಲ್ ಮಾಡುವುದು ಇದರಲ್ಲಿ ಅತಿ ಸುಲಭದ ಕೆಲಸ. ಹುಡುಗರು ಸಿಕ್ಕಿಹಾಕಿಕೊಳ್ಳುವುದು ಅದಕ್ಕೂ ಮುಂಚೆ: ಡ್ರೈವರ್ ಇಲ್ಲ, ಡೌನ್‌ಲೋಡ್ ಅರ್ಧ ಆಗಿದೆ, ರ‍್ಯಾಮ್ ಸಾಲದು. ಇವು ಮೂರನ್ನೂ ಮೊದಲೇ ನೋಡಿಕೊಂಡರೆ ಉಳಿದದ್ದು ಬರೀ ಕಾಯುವ ಕೆಲಸ. ಅದಕ್ಕೇ ಇಲ್ಲಿ ಪರೀಕ್ಷೆಯ ಭಾಗ ಉದ್ದ, ಬಿಲ್ಡ್ ಭಾಗ ಗಿಡ್ಡ.

ಕಮಾಂಡ್‌ಗಳ ಬಗ್ಗೆ ಒಂದು ಸೂಚನೆ. ಪಕ್ಕದಲ್ಲಿ ಕೂತು ಓದಿ ಹೇಳುವ ಹಾಗೆ ಅವನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಹಾಕಬೇಕು. ಅಡ್ಡಗೆರೆ, ಓರೆಗೆರೆ, ಅಂಡರ್‌ಸ್ಕೋರ್‌ಗಳನ್ನು ಇದ್ದ ಹಾಗೇ ಬಿಟ್ಟಿದ್ದೇನೆ. ಕಾಪಿ-ಪೇಸ್ಟ್ ಆಗಲ್ಲವಲ್ಲ ಅಂತ ಬೇಜಾರು ಬೇಡ. ಕೈಯಾರೆ ಟೈಪ್ ಮಾಡಿದ ಕಮಾಂಡ್ ತಲೆಯಲ್ಲಿ ಉಳಿಯುತ್ತದೆ.

ಮೊದಲು: ನಿಮ್ಮ ಯಂತ್ರದಲ್ಲಿ ಇದು ಓಡುತ್ತಾ?

ನಾನು ಉಬುಂಟು ಲಿನಕ್ಸ್ ಇಟ್ಟುಕೊಂಡೇ ಹೇಳುತ್ತೇನೆ. ವಿಂಡೋಸ್‌ನಲ್ಲೂ ಆಗುತ್ತದೆ. ವಿಷುಯಲ್ ಸ್ಟುಡಿಯೊ ಹಾಕಿ, ಬಿಲ್ಡ್‌ನ ತಯಾರಿ ಮಾಡಿಕೊಡುವ ಸಿಮೇಕ್ ಅನ್ನುವ ಪ್ರೋಗ್ರಾಂನಿಂದ ಸೊಲ್ಯೂಷನ್ ಫೈಲ್ ಮಾಡಿಸಿ, ಅದನ್ನು ತೆರೆದು ಬಿಲ್ಡ್ ಒತ್ತಿದರೆ ಆಯಿತು. ಆದರೆ ವಿಷುಯಲ್ ಸ್ಟುಡಿಯೊನೇ ಹಲವು ಜಿಬಿ ತಿನ್ನುತ್ತದೆ. ಹಳೇ ಲ್ಯಾಪ್‌ಟಾಪ್ ಇದ್ದವರಿಗೆ ಉಬುಂಟು ಹಗುರ.

ವರ್ಚುವಲ್‌ಬಾಕ್ಸ್ ಒಳಗೆ ಉಬುಂಟು ಹಾಕಿಕೊಂಡು ಮಾತ್ರ ಇದನ್ನು ಮಾಡಬೇಡಿ. ಒಳಗಿರುವ ಉಬುಂಟುವಿಗೆ ನಿಮ್ಮ ನಿಜವಾದ ಜಿಪಿಯು ಕಾಣುವುದಿಲ್ಲ. ಎಲ್ಲಾ ಸರಿಯಾಗಿ ಬಿಲ್ಡ್ ಆಗುತ್ತದೆ, ಓಡಿಸಿದಾಗ ಚಿತ್ರ ಕುಂಟುತ್ತದೆ, ಕಾರಣ ಗೊತ್ತಾಗಲ್ಲ. ವಿಂಡೋಸ್ ಪಕ್ಕದಲ್ಲೇ ಡ್ಯುಯಲ್ ಬೂಟ್ ಮಾಡಿಕೊಳ್ಳಿ.

ಈಗ ಜಿಪಿಯು ಯಾವುದು ಅಂತ ನೋಡಿ. ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಅಂತ ಹೊಡೆಯಿರಿ. ಬರುವ ಪಟ್ಟಿಯಲ್ಲಿ ವಿಜಿಎ ಅಂತ ಇರುವ ಸಾಲು ಹುಡುಕಿ. ಗೇಮಿಂಗ್ ಲ್ಯಾಪ್‌ಟಾಪ್ ಆದರೆ ವಿಜಿಎ ಸಾಲಿನ ಜೊತೆ 3ಡಿ ಕಂಟ್ರೋಲರ್ ಅಂತ ಇನ್ನೊಂದು ಸಾಲೂ ಇರಬಹುದು. ಅದು ಎನ್‌ವಿಡಿಯಾ ಕಾರ್ಡ್.

ಇಲ್ಲಿ ನೇರವಾಗಿ ಮಾತಾಡೋಣ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಗುವ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ 4ನೇ ಜನರೇಷನ್‌ನವು ಇನ್ನೂ ಓಡಾಡುತ್ತಿವೆ. ಅದರ ಒಳಗಿನ ಗ್ರಾಫಿಕ್ಸ್‌ಗೆ ಲಿನಕ್ಸ್‌ನಲ್ಲಿ ವಲ್ಕನ್ ಬೆಂಬಲ ಅರೆಬರೆ. ಓಡಿಸಿದರೆ ಡ್ರೈವರೇ ಆ ಎಚ್ಚರಿಕೆ ಕೊಡುತ್ತದೆ. 6ನೇ ಜನರೇಷನ್ ಮತ್ತು ಅದರ ಮೇಲಿನದ್ದಾದರೆ ಚಿಂತೆ ಬೇಡ. ಈ ಕೆಲಸಕ್ಕೇ ಅಂತ ಹಳೇ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದರೆ, ಎಸ್‌ಎಸ್‌ಡಿ ಇದೆಯಾ ಅಂತ ಕೇಳುವ ಜೊತೆಗೆ ಯಾವ ಜನರೇಷನ್ ಅಂತಲೂ ಕೇಳಿ. ಐ5 ಅಂದ ಮಾತ್ರಕ್ಕೆ ಏನೂ ಗೊತ್ತಾಗಲ್ಲ. ಐ5 ಆದಮೇಲೆ ಬರುವ ಅಂಕಿ ನೋಡಿ. 4ರಿಂದ ಶುರುವಾದರೆ 4ನೇ ಜನರೇಷನ್, 8ರಿಂದ ಶುರುವಾದರೆ 8ನೇದು. 10 ದಾಟಿದ ಮೇಲೆ ಮೊದಲ ಎರಡು ಅಂಕಿ ನೋಡಬೇಕು.

ಡ್ರೈವರ್ ಹಾಕಲು:

ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಮೆಸಾ-ವಲ್ಕನ್-ಡ್ರೈವರ್ಸ್ ವಲ್ಕನ್-ಟೂಲ್ಸ್

ಇಂಟೆಲ್, ಎಎಂಡಿ ಎರಡಕ್ಕೂ ಇದೇ ಸಾಕು. ಎನ್‌ವಿಡಿಯಾ ಇದ್ದರೆ ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಕಿಟಕಿ ತೆರೆದು, ರೆಕಮೆಂಡೆಡ್ ಅಂತ ಇರುವುದನ್ನು ಆರಿಸಿ. ನಿಮ್ಮ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು ಅದೇ ಪಾಸ್‌ವರ್ಡನ್ನು ಮತ್ತೆ ಕೇಳುತ್ತದೆ. ಗಾಬರಿಯಾಗಿ ‘ಕಂಟಿನ್ಯೂ ಬೂಟ್’ ಒತ್ತಿಬಿಟ್ಟರೆ ಡ್ರೈವರ್ ಲೋಡ್ ಆಗಲ್ಲ. ‘ಎನ್‌ರೋಲ್’ ಆರಿಸಿ.

ಆಮೇಲೆ ಈ ಇಡೀ ಲೇಖನದ ಅತಿ ಮುಖ್ಯ ಕಮಾಂಡ್:

ವಲ್ಕನ್‌ಇನ್ಫೊ --ಸಮ್ಮರಿ

ಕೊನೆಯಲ್ಲಿ ಜಿಪಿಯುಗಳ ಪಟ್ಟಿ ಬರುತ್ತದೆ. ‘ಡಿವೈಸ್‌ನೇಮ್’ ಎದುರಿಗೆ ಇಂಟೆಲ್, ರೇಡಿಯಾನ್ ಅಥವಾ ಜಿಫೋರ್ಸ್ ಅಂತ ಇದ್ದರೆ ನೀವು ಪಾಸ್. ಎಲ್‌ಎಲ್‌ವಿಎಂಪೈಪ್ ಅಂತ ಒಂದೇ ಹೆಸರಿದ್ದು, ‘ಡಿವೈಸ್‌ಟೈಪ್’ ಎದುರು ಸಿಪಿಯು ಅಂತ ಇದ್ದರೆ ನಿಮ್ಮ ಜಿಪಿಯು ಕೆಲಸ ಮಾಡುತ್ತಿಲ್ಲ, ಪ್ರೊಸೆಸರ್‌ ಒಬ್ಬನೇ ಎಲ್ಲಾ ಲೆಕ್ಕ ಹಾಕುತ್ತಿದ್ದಾನೆ ಅಂತ ಅರ್ಥ. ಕಲಿಯಲಿಕ್ಕೆ ಅದೂ ನಡೆಯುತ್ತೆ. ಆದರೆ ವೇಗದ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ಇಬ್ಬರ ಹೆಸರೂ ಇದ್ದರೆ ತೊಂದರೆಯಿಲ್ಲ, ಎಲ್‌ಎಲ್‌ವಿಎಂಪೈಪ್ ಸುಮ್ನೆ ಬದಲಿ ಆಟಗಾರ.

ವಿಕೆಕ್ಯೂಬ್ ಅಂತ ಹೊಡೆದರೆ ಕ್ಯೂಬ್ ಒಂದು ಸುತ್ತುತ್ತದೆ. ಅದು ಸುತ್ತುವ ತನಕ ಮುಂದಕ್ಕೆ ಹೋಗಬೇಡಿ. ಇದು ಸುತ್ತದಿದ್ದರೆ ನೀವು ಬಿಲ್ಡ್ ಮಾಡುವ ಯಾವ ಪ್ರೋಗ್ರಾಮೂ ಓಡುವುದಿಲ್ಲ.

ಬೇಕಾದ ಸಾಮಾನು

ಕಂಪೈಲರ್ ಮತ್ತು ಕಿಟಕಿ ತೆರೆಯಲು ಬೇಕಾದ ಲೈಬ್ರರಿಗಳು ಒಂದೇ ಸಾಲಿನಲ್ಲಿ:

ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಗಿಟ್ ಸಿಮೇಕ್ ನಿಂಜಾ-ಬಿಲ್ಡ್ ಕ್ಸಾರ್ಗ್-ಡೆವ್ ಲಿಬ್‌ಜಿಎಲ್‌ಯು1-ಮೆಸಾ-ಡೆವ್ ಲಿಬ್‌ವೇಲ್ಯಾಂಡ್-ಡೆವ್ ಲಿಬ್‌ಎಕ್ಸ್‌ಕೆಬಿಕಾಮನ್-ಡೆವ್

ಹೆಸರಿನ ಕೊನೆಯ ‘ಡೆವ್’ ಬಿಡಬೇಡಿ. ಅದಿಲ್ಲದ ಪ್ಯಾಕೇಜಿನಲ್ಲಿ ಪ್ರೋಗ್ರಾಂ ಓಡಿಸಲು ಬೇಕಾದದ್ದು ಮಾತ್ರ ಇರುತ್ತದೆ, ಕಂಪೈಲ್‌ಗೆ ಬೇಕಾದ ಹೆಡರ್ ಫೈಲ್ ಇರುವುದಿಲ್ಲ. ‘ಲೈಬ್ರರಿ ಇದೆ ಸರ್, ಆದರೂ ಸಿಗ್ತಿಲ್ಲ ಅಂತಿದೆ’ ಎನ್ನುವ ದೂರು ಬಂದಾಗಲೆಲ್ಲ ಬಹುತೇಕ ಇದೇ ಕಾರಣ.

ಉಬುಂಟು ತೀರಾ ಹಳೆಯದಾದರೆ ಅದರ ಸಿಮೇಕ್, ಜಿಸಿಸಿ ಕಂಪೈಲರ್ ಕೂಡ ಹಳೆಯದಾಗಿರುತ್ತವೆ. ಸ್ಯಾಂಪಲ್ಸ್ ಕೋಡು ಹೊಸ ಸಿ++ ಬಳಸುತ್ತದೆ. ಲ್ಯಾಬ್ ಕಂಪ್ಯೂಟರಿನಲ್ಲಿ ಹಳೇ ಉಬುಂಟು ಇದ್ದರೆ ಅದರ ಜೊತೆ ಗುದ್ದಾಡಬೇಡಿ. ಹೊಸ ಎಲ್‌ಟಿಎಸ್ (ಬಹಳ ವರ್ಷ ಅಪ್‌ಡೇಟ್ ಸಿಗುವ ಉಬುಂಟು ಆವೃತ್ತಿ) ಹಾಕಿಸಿಕೊಳ್ಳಿ.

ಇನ್ನೊಂದು, ನಮ್ಮವರಿಗೇ ಆಗುವ ತೊಂದರೆ. ಉಬುಂಟುವನ್ನು ಕನ್ನಡದಲ್ಲಿ ಇನ್‌ಸ್ಟಾಲ್ ಮಾಡಿದ್ದರೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರ್‌ಗಳ ಹೆಸರೂ ಕನ್ನಡ ಲಿಪಿಯಲ್ಲೇ ಆಗುತ್ತವೆ. ನೋಡಲಿಕ್ಕೆ ಖುಷಿ. ಆದರೆ ಹತ್ತಾರು ಬೇರೆ ಬೇರೆ ಲೈಬ್ರರಿಗಳ ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಒಂದಾದರೂ ಇಂಥ ಹಾದಿಯಲ್ಲಿ ಎಡವಬಹುದು. ಹೆಸರಿನ ಮಧ್ಯೆ ಜಾಗ ಬಿಟ್ಟ ಫೋಲ್ಡರಿಗೂ ಇದೇ ಮಾತು. ಹೋಮ್ ಫೋಲ್ಡರಿನಲ್ಲೇ ಇಂಗ್ಲಿಷ್ ಸಣ್ಣಕ್ಷರದಲ್ಲಿ ‘ಕೋಡ್’ ಅಂತ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಕೆಲಸ ಮಾಡಿ. ಎರರ್ ಸಂದೇಶ ಕನ್ನಡದಲ್ಲಿ ಬಂದು ಹುಡುಕಲು ಕಷ್ಟವಾದರೆ, ಕಮಾಂಡಿನ ಶುರುವಿನಲ್ಲೇ ಎಲ್‌ಸಿ_ಆಲ್=ಸಿ ಅಂತ ದೊಡ್ಡಕ್ಷರದಲ್ಲಿ ಸೇರಿಸಿ. ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ.

ಕೋಡ್ ಇಳಿಸಿಕೊಳ್ಳುವುದು

ಗಿಟ್‌ಹಬ್‌ನಲ್ಲಿ ಖ್ರೋನೋಸ್ ಗ್ರೂಪ್ ಖಾತೆಯಲ್ಲಿ ವಲ್ಕನ್-ಸ್ಯಾಂಪಲ್ಸ್ ಸಿಗುತ್ತದೆ. ಹಸಿರು ‘ಕೋಡ್’ ಬಟನ್ ಒತ್ತಿದರೆ ‘ಡೌನ್‌ಲೋಡ್ ಜಿಪ್’ ಅಂತ ಕಾಣುತ್ತದೆ. ಅದನ್ನು ಒತ್ತಬೇಡಿ. ಈ ಪ್ರಾಜೆಕ್ಟ್ ಬೇರೆಯವರ ಹಲವು ಲೈಬ್ರರಿಗಳನ್ನು ಸಬ್‌ಮಾಡ್ಯೂಲ್ ಅಂತ ಸೇರಿಸಿಕೊಂಡಿದೆ. 3ಡಿ ದೃಶ್ಯಗಳು, ಟೆಕ್ಸ್ಚರ್‌ಗಳೂ ಹಾಗೇ ಬೇರೆ ಕಡೆ ಇವೆ. ಜಿಪ್‌ನಲ್ಲಿ ಅವು ಯಾವುವೂ ಬರುವುದಿಲ್ಲ. ಖಾಲಿ ಫೋಲ್ಡರ್ ಬರುತ್ತದೆ, ಅಷ್ಟೇ. ಅದೇ ಬಟನ್ ಕೆಳಗಿನ ವಿಳಾಸ ಕಾಪಿ ಮಾಡಿಕೊಂಡು ಹೀಗೆ ಕೊಡಿ:

ಗಿಟ್ ಕ್ಲೋನ್ --ರಿಕರ್ಸ್-ಸಬ್‌ಮಾಡ್ಯೂಲ್ಸ್ --ಡೆಪ್ತ್ 1 --ಶಾಲೋ-ಸಬ್‌ಮಾಡ್ಯೂಲ್ಸ್ ಮತ್ತು ಆಮೇಲೆ ಆ ವಿಳಾಸ

‘ಡೆಪ್ತ್ 1’ ಅಂದರೆ ಹಳೇ ಇತಿಹಾಸವೆಲ್ಲ ಬೇಡ, ಇವತ್ತಿನ ಪ್ರತಿ ಮಾತ್ರ ಕೊಡು ಅಂತ. ಹೀಗೆ ಮಾಡಿದರೂ ಒಟ್ಟು ಕೆಲವು ಜಿಬಿ ಇದೆ. ಬಿಲ್ಡ್‌ಗೂ ಜಾಗ ಬೇಕು. ಹಾರ್ಡ್ ಡಿಸ್ಕ್‌ನಲ್ಲಿ 15 ಜಿಬಿ ಖಾಲಿ ಇಟ್ಟುಕೊಂಡೇ ಶುರು ಮಾಡಿ.

ಮದ್ದೂರು, ಮಳವಳ್ಳಿ ಕಡೆ ಹಳ್ಳಿಯಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವವರಿಗೆ ಒಂದು ವಿಷಯ ಗೊತ್ತಿರಬೇಕು. ಗಿಟ್ ಕ್ಲೋನ್ ಮಧ್ಯದಲ್ಲಿ ನಿಂತರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದ ಶುರು. ಆದರೆ ಮುಖ್ಯ ಕೋಡ್ ಬಂದು ಸಬ್‌ಮಾಡ್ಯೂಲ್‌ಗಳ ಹತ್ತಿರ ನಿಂತಿದ್ದರೆ ಅಷ್ಟು ನಷ್ಟವಿಲ್ಲ. ಫೋಲ್ಡರ್ ಒಳಗೆ ಹೋಗಿ:

ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್ --ಡೆಪ್ತ್ 1

ಇಳಿದಿರುವುದನ್ನು ಬಿಟ್ಟು ಬಾಕಿ ಇರುವುದನ್ನು ಮಾತ್ರ ಅದು ತರುತ್ತದೆ. ನೆಟ್ ಹೋದಾಗಲೆಲ್ಲ ಇದನ್ನೇ ಮತ್ತೆ ಹೊಡೆಯಿರಿ. ಏನೂ ಮಾತಾಡದೆ ಸುಮ್ಮನೆ ಮುಗಿದರೆ ಎಲ್ಲಾ ಬಂದಿದೆ ಅಂತ.

ಇನ್ನೂ ಒಳ್ಳೇ ದಾರಿ ಇದೆ. ಒಬ್ಬರು ಕಾಲೇಜಿನ ನೆಟ್‌ನಲ್ಲಿ ಇಳಿಸಿಕೊಂಡು ಉಳಿದವರು ಪೆನ್‌ಡ್ರೈವ್‌ನಲ್ಲಿ ಒಯ್ಯುವುದು. ಇದರಲ್ಲಿ ಮೂರು ಎಚ್ಚರಿಕೆ. ಫೋಲ್ಡರನ್ನು ಹಾಗೇ ಕಾಪಿ ಮಾಡದೆ ಟಾರ್ ಫೈಲ್ ಮಾಡಿ ಒಯ್ಯಿರಿ, ಇಲ್ಲದಿದ್ದರೆ ಪೆನ್‌ಡ್ರೈವ್ ಲಿನಕ್ಸ್‌ನ ಪರ್ಮಿಷನ್, ಲಿಂಕ್‌ಗಳನ್ನು ಉಳಿಸಿಕೊಳ್ಳುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯದು, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಮೂರನೆಯದು ಎಲ್ಲರೂ ಮರೆಯುವಂಥದ್ದು: ಬಿಲ್ಡ್ ಫೋಲ್ಡರನ್ನು ಜೊತೆಗೆ ಒಯ್ಯಬೇಡಿ. ಸಿಮೇಕ್ ತನ್ನ ಕ್ಯಾಷ್ ಫೈಲಿನಲ್ಲಿ ಪೂರ್ತಿ ಹಾದಿ ಬರೆದಿಟ್ಟಿರುತ್ತದೆ. ಗೆಳೆಯನ ಯಂತ್ರದ ಹಾದಿ ನಿಮ್ಮಲ್ಲಿ ಇರುವುದಿಲ್ಲವಲ್ಲ, ಅದಕ್ಕೆ ತಕರಾರು ತೆಗೆಯುತ್ತದೆ.

ಬಿಲ್ಡ್

ವಲ್ಕನ್-ಸ್ಯಾಂಪಲ್ಸ್ ಫೋಲ್ಡರಿನ ಒಳಗೆ ನಿಂತು:

ಸಿಮೇಕ್ -ಬಿ ಬಿಲ್ಡ್/ಲಿನಕ್ಸ್ -ಜಿ ನಿಂಜಾ -ಡಿಸಿಮೇಕ್_ಬಿಲ್ಡ್_ಟೈಪ್=ರಿಲೀಸ್

ಬಿ, ಜಿ, ಡಿ ಮೂರೂ ದೊಡ್ಡಕ್ಷರ. ಸಿಮೇಕ್_ಬಿಲ್ಡ್_ಟೈಪ್ ಕೂಡ ಪೂರ್ತಿ ದೊಡ್ಡಕ್ಷರ. ನಿಂಜಾ, ರಿಲೀಸ್‌ಗಳಲ್ಲಿ ಮೊದಲ ಅಕ್ಷರ ಮಾತ್ರ ದೊಡ್ಡದು. ಈ ಹಂತದಲ್ಲಿ ಏನೂ ಕಂಪೈಲ್ ಆಗುವುದಿಲ್ಲ. ನಿಮ್ಮ ಯಂತ್ರದಲ್ಲಿ ಏನೇನಿದೆ ಅಂತ ನೋಡಿಕೊಂಡು ಕೆಲಸದ ಪಟ್ಟಿ ಮಾಡಿಕೊಳ್ಳುತ್ತದೆ ಅಷ್ಟೇ. ಇಲ್ಲಿ ‘ಸಿಮೇಕ್‌ಲಿಸ್ಟ್ಸ್ ಫೈಲ್ ಇಲ್ಲ’ ಅಂತ ಥರ್ಡ್_ಪಾರ್ಟಿ ಫೋಲ್ಡರಿನ ಹೆಸರು ಹೇಳಿ ನಿಂತರೆ ಸಬ್‌ಮಾಡ್ಯೂಲ್ ಬಂದಿಲ್ಲ ಅಂತ. ಹಿಂದಿನ ಹಂತಕ್ಕೆ ಹೋಗಿ.

ಮುಂದಿನದು ನಿಜವಾದ ಬಿಲ್ಡ್:

ಸಿಮೇಕ್ --ಬಿಲ್ಡ್ ಬಿಲ್ಡ್/ಲಿನಕ್ಸ್ --ಟಾರ್ಗೆಟ್ ವಲ್ಕನ್_ಸ್ಯಾಂಪಲ್ಸ್ -ಜೆ 4

ಕೊನೆಯ ಅಂಕಿಯ ಮೇಲೆ ಸ್ವಲ್ಪ ನಿಲ್ಲೋಣ. ಒಂದೇ ಹೊತ್ತಿಗೆ ಎಷ್ಟು ಫೈಲ್ ಕಂಪೈಲ್ ಆಗಬೇಕು ಎನ್ನುವುದನ್ನು ಅದು ಹೇಳುತ್ತದೆ. ಪ್ರೊಸೆಸರಿನಲ್ಲಿ 8 ಥ್ರೆಡ್ ಇದೆ ಅಂತ 8 ಕೊಡುವವರೇ ಜಾಸ್ತಿ. ಸಿ++ನ ಟೆಂಪ್ಲೇಟ್ ತುಂಬಿದ ಫೈಲ್ ಒಂದೊಂದೂ ಸುಮಾರು 1 ಜಿಬಿ ರ‍್ಯಾಮ್ ತಿನ್ನಬಲ್ಲದು. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತೆರೆದಿಟ್ಟುಕೊಂಡು 8 ಕೊಟ್ಟರೆ, ಎರಡು ಒಲೆಯ ಅಡುಗೆಮನೆಯಲ್ಲಿ ಎಂಟು ಪಾತ್ರೆ ಇಟ್ಟ ಹಾಗೆ. ಯಾವುದೂ ಬೇಯಲ್ಲ. ಮೌಸ್ ಅಲ್ಲಾಡುವುದು ನಿಲ್ಲುತ್ತದೆ. ಕೊನೆಗೆ ‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಮ್ ಸಿಸಿ1ಪ್ಲಸ್’ ಅಂತ ಬರುತ್ತದೆ. ಕೋಡಿನಲ್ಲಿ ತಪ್ಪಿದೆ ಅಂತ ಹುಡುಕಲು ಹೋಗಬೇಡಿ. ರ‍್ಯಾಮ್ ಮುಗಿದು ಲಿನಕ್ಸೇ ಕಂಪೈಲರನ್ನು ಕೊಂದಿದೆ. ನನ್ನ ಲೆಕ್ಕ ಹೀಗೆ: 4 ಜಿಬಿ ಇದ್ದರೆ 1, 8 ಇದ್ದರೆ 3 ಅಥವಾ 4, 16 ಇದ್ದರೆ ನಿಮ್ಮಿಷ್ಟ. ಬ್ರೌಸರ್ ಮುಚ್ಚಿ.

ಬೇಡದ ಸ್ಯಾಂಪಲ್‌ಗಳನ್ನು ಕೈಬಿಡಲೂ ದಾರಿ ಇದೆ. ಸಿಮೇಕ್ ಹಂತದಲ್ಲಿ -ಡಿವಿಕೆಬಿ_ ಆದಮೇಲೆ ಸ್ಯಾಂಪಲ್ ಹೆಸರು, ಆಮೇಲೆ =ಆಫ್ ಅಂತ ಕೊಟ್ಟರೆ ಅದು ಬಿಲ್ಡ್ ಆಗುವುದಿಲ್ಲ. ಆದರೆ ಹೆಚ್ಚಿನ ಸಮಯ ಹೋಗುವುದು ಥರ್ಡ್ ಪಾರ್ಟಿ ಲೈಬ್ರರಿ ಮತ್ತು ಫ್ರೇಮ್‌ವರ್ಕ್‌ಗೆ. ಹಾಗಾಗಿ ಇದರಿಂದ ಭಾರೀ ಉಳಿತಾಯ ನಿರೀಕ್ಷಿಸಬೇಡಿ. ಚಹಾ ಕುಡಿದು ಬನ್ನಿ, ಅಥವಾ ಊಟ ಮಾಡಿಯೇ ಬನ್ನಿ.

ಮಧ್ಯದಲ್ಲಿ ಕರೆಂಟ್ ಹೋಯಿತು, ಬ್ಯಾಟರಿಯೂ ಸತ್ತಿದೆ, ಯಂತ್ರ ಪಟ್ ಅಂತ ಆಫ್ ಆಯಿತು ಅಂತಿಟ್ಟುಕೊಳ್ಳಿ. ಮತ್ತೆ ಅದೇ ಕಮಾಂಡ್ ಕೊಟ್ಟರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಒಂದು ತೊಂದರೆ ಮಾತ್ರ ಆಗಬಹುದು. ಆ ಕ್ಷಣದಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಫೈಲ್ ಅರ್ಧ ಉಳಿದಿರುತ್ತದೆ, ಅಥವಾ ಖಾಲಿ ಇರುತ್ತದೆ. ಬಿಲ್ಡ್ ಕೊನೆಯಲ್ಲಿ ಲಿಂಕರ್ ‘ಫೈಲ್ ಟ್ರಂಕೇಟೆಡ್’ ಅಥವಾ ‘ಫೈಲ್ ಫಾರ್ಮ್ಯಾಟ್ ನಾಟ್ ರೆಕಗ್ನೈಸ್ಡ್’ ಅನ್ನುತ್ತದೆ. ಅದು ಹೇಳಿದ ಫೈಲ್ ಒಂದನ್ನೇ ಅಳಿಸಿ ಮತ್ತೆ ಬಿಲ್ಡ್ ಕೊಡಿ. ಇಡೀ ಫೋಲ್ಡರ್ ಅಳಿಸಿ ಮೊದಲಿನಿಂದ ಶುರು ಮಾಡುವುದು ಬೇಡ.

ಎರರ್ ಬಂದರೆ

ಎರರ್ ಬಂದಾಗ ಪರದೆಯ ಕೊನೆಯ ಸಾಲಿನ ಫೋಟೊ ತೆಗೆದು ಗ್ರೂಪಿಗೆ ಹಾಕುವುದು ನಮ್ಮಲ್ಲಿ ಅಭ್ಯಾಸ ಆಗಿಬಿಟ್ಟಿದೆ. ಕೊನೆಯ ಸಾಲಿನಲ್ಲಿ ಇರುವುದು ‘ಬಿಲ್ಡ್ ಸ್ಟಾಪ್ಡ್’ ಮಾತ್ರ. ಅದರಿಂದ ಯಾರಿಗೂ ಏನೂ ತಿಳಿಯಲ್ಲ. ಮೊದಲ ಎರರ್ ಬೇಕು. ನಾಲ್ಕು ಫೈಲ್ ಒಟ್ಟಿಗೆ ಕಂಪೈಲ್ ಆಗುವಾಗ ಸಂದೇಶಗಳು ಒಂದರ ಹಿಂದೆ ಒಂದು ಬಂದು ಮೊದಲನೆಯದು ಮೇಲೆಲ್ಲೋ ಹೋಗಿರುತ್ತದೆ. ಅದೇ ಕಮಾಂಡನ್ನು -ಜೆ 1 ಹಾಕಿ ಮತ್ತೆ ಕೊಡಿ. ಮುಗಿದ ಫೈಲ್‌ಗಳು ಮುಗಿದೇ ಇರುತ್ತವೆ. ಕೆಟ್ಟ ಫೈಲ್ ಬೇಗ ಬಂದು, ಅದರ ಎರರ್ ಒಂದೇ ಪರದೆಯಲ್ಲಿ ನಿಲ್ಲುತ್ತದೆ. ಅದರಲ್ಲಿ ‘ಎರರ್’ ಅಂತ ಇರುವ ಮೊದಲ ಸಾಲು ಓದಿ. ಹೆಡರ್ ಸಿಗಲಿಲ್ಲ ಅಂತಿದ್ದರೆ ಯಾವುದೋ ‘ಡೆವ್’ ಪ್ಯಾಕೇಜ್ ಬಾಕಿ. ‘ವಾರ್ನಿಂಗ್’ ಅಂತ ಎಷ್ಟು ಬಂದರೂ ಈಗ ತಲೆ ಕೆಡಿಸಿಕೊಳ್ಳಬೇಡಿ.

ಓಡಿಸುವುದು

ಬಿಲ್ಡ್ ಆದ ಪ್ರೋಗ್ರಾಂ ಆಳದ ಫೋಲ್ಡರಿನಲ್ಲಿದೆ. ಆದರೆ ಆ ಫೋಲ್ಡರ್ ಒಳಗೆ ಹೋಗಿ ಓಡಿಸಬೇಡಿ. ಶೇಡರ್ (ಜಿಪಿಯು ಮೇಲೆ ಓಡುವ ಪುಟ್ಟ ಪ್ರೋಗ್ರಾಂ), ಅಸೆಟ್‌ಗಳನ್ನು (ದೃಶ್ಯ, ಟೆಕ್ಸ್ಚರ್) ಅದು ನೀವು ನಿಂತಿರುವ ಜಾಗದಿಂದ ಹುಡುಕುತ್ತದೆ. ವಲ್ಕನ್-ಸ್ಯಾಂಪಲ್ಸ್‌ನ ಮೇಲಿನ ಫೋಲ್ಡರಿನಲ್ಲೇ ನಿಂತು:

./ಬಿಲ್ಡ್/ಲಿನಕ್ಸ್/ಆ್ಯಪ್/ಬಿನ್/ರಿಲೀಸ್/ಎಕ್ಸ್86_64/ವಲ್ಕನ್_ಸ್ಯಾಂಪಲ್ಸ್ ಸ್ಯಾಂಪಲ್ ಹೆಲೋ_ಟ್ರಯಾಂಗಲ್

ಕಡು ಬಣ್ಣದ ಹಿನ್ನೆಲೆಯಲ್ಲಿ ಒಂದು ತ್ರಿಕೋನ. ಇಷ್ಟೇನಾ ಅನ್ನಿಸುತ್ತೆ, ಅಲ್ವಾ? ಆ ಫೈಲ್ ತೆರೆದು ನೋಡಿ. ಒಂದು ತ್ರಿಕೋನಕ್ಕೆ ಸಾವಿರ ಸಾಲಿನ ಆಸುಪಾಸು ಕೋಡ್ ಇದೆ. ಓಪನ್‌ಜಿಎಲ್‌ನಲ್ಲಿ ಡ್ರೈವರ್ ಗುಟ್ಟಾಗಿ ಮಾಡುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ನೀವೇ ಮಾಡಬೇಕು. ಯಾವ ಜಿಪಿಯು, ಎಷ್ಟು ಮೆಮೊರಿ, ಒಂದು ಫ್ರೇಮ್ ಮುಗಿಯುವ ತನಕ ಇನ್ನೊಂದು ಎಷ್ಟು ಕಾಯಬೇಕು, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಕಷ್ಟ ಹೌದು. ಆದರೆ ಜಿಪಿಯು ಒಳಗೆ ಏನು ನಡೆಯುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೇ ದಾರಿ ನನಗೆ ಕಂಡಿಲ್ಲ.

ಹೆಲೋ_ಟ್ರಯಾಂಗಲ್ ಬದಲು ಬೇರೆ ಹೆಸರು ಕೊಟ್ಟರೆ ಬೇರೆ ಸ್ಯಾಂಪಲ್ ಓಡುತ್ತದೆ. ಹೆಸರುಗಳೆಲ್ಲ ‘ಸ್ಯಾಂಪಲ್ಸ್’ ಫೋಲ್ಡರಿನಲ್ಲಿ ಎಪಿಐ, ಪರ್ಫಾರ್ಮೆನ್ಸ್, ಎಕ್ಸ್‌ಟೆನ್ಷನ್ಸ್ ಮುಂತಾದ ಭಾಗಗಳಾಗಿ ಇವೆ. ರೇ ಟ್ರೇಸಿಂಗ್‌ನವು ಅದಕ್ಕೆ ತಕ್ಕ ಜಿಪಿಯು ಇದ್ದರೆ ಮಾತ್ರ. ಎಕ್ಸ್‌ಟೆನ್ಷನ್ ಇಲ್ಲ ಅಂತ ಬಂದರೆ ನಿಮ್ಮ ಬಿಲ್ಡ್ ಕೆಟ್ಟಿಲ್ಲ, ಕಾರ್ಡಿಗೆ ಆ ಶಕ್ತಿ ಇಲ್ಲ.

ನಿಮ್ಮದೊಂದು ಬದಲಾವಣೆ

ಬರೀ ಬಿಲ್ಡ್ ಮಾಡಿ ಬಿಟ್ಟರೆ ಏನು ಬಂತು? ಸ್ಯಾಂಪಲ್ಸ್/ಎಪಿಐ/ಹೆಲೋ_ಟ್ರಯಾಂಗಲ್ ಒಳಗಿನ ಸಿಪಿಪಿ ಫೈಲ್ ತೆರೆದು ‘ಕ್ಲಿಯರ್_ವ್ಯಾಲ್ಯೂ’ ಅಂತ ಹುಡುಕಿ. ಹಿನ್ನೆಲೆಯ ಬಣ್ಣ ಅಲ್ಲಿದೆ. ಕೆಂಪು, ಹಸಿರು, ನೀಲಿ, ಕೊನೆಗೆ ಆಲ್ಫಾ, ಹೀಗೆ ನಾಲ್ಕು ಅಂಕಿ. 1.0, 0.6, 0.0 ಕೊಟ್ಟು ನೋಡಿ, ಅರಿಶಿನದ ಬಣ್ಣ ಬರುತ್ತದೆ. ಮತ್ತೆ ಬಿಲ್ಡ್ ಕೊಟ್ಟಾಗ ಈ ಸಲ ಒಂದೇ ಫೈಲ್ ಕಂಪೈಲ್ ಆಗಿ ಬೇಗ ಮುಗಿಯುತ್ತದೆ.

ಒಂದು ತಮಾಷೆ ನೋಡಿ. ಮೂರೂ ಬಣ್ಣಕ್ಕೆ 0.5 ಕೊಡಿ. ಸ್ಕ್ರೀನ್‌ಶಾಟ್ ತೆಗೆದು ಜಿಂಪ್‌ನಲ್ಲಿ ಬಣ್ಣ ಅಳೆಯಿರಿ. 255ರ ಅರ್ಧ 128 ಬರಬೇಕು ಅಂದುಕೊಂಡಿರುತ್ತೀರಿ. ಪರದೆಯ ಚಿತ್ರ ಎಸ್‌ಆರ್‌ಜಿಬಿ ಮಾದರಿಯಲ್ಲಿದ್ದರೆ ಬರುವುದು 188. ಶೇಡರ್ ಲೆಕ್ಕ ಹಾಕುವುದು ಬೆಳಕಿನ ನಿಜವಾದ ಪ್ರಮಾಣದಲ್ಲಿ. ಪರದೆಗೆ ಬರೆಯುವಾಗ ಅದು ನಮ್ಮ ಕಣ್ಣಿಗೆ ಹೊಂದುವ ಹಾಗೆ ಬದಲಾಗುತ್ತದೆ. ಲ್ಯಾಬ್‌ನಲ್ಲಿ ಮಾಡಿದ ಓಪನ್‌ಜಿಎಲ್ ಪ್ರೋಗ್ರಾಮ್‌ಗಳಲ್ಲಿ ನೆರಳು ಯಾಕೋ ಕಪ್ಪು ಮಸಿ ಹಿಡಿದ ಹಾಗೆ ಕಾಣುತ್ತಿತ್ತಲ್ಲ, ಬಹಳ ಸಲ ಈ ಬದಲಾವಣೆ ಬಿಟ್ಟುಹೋಗಿರುವುದೇ ಕಾರಣ.

ದೀಪಗಳ ಲೆಕ್ಕ

ಈಗ ಸಬ್‌ಪಾಸಸ್ ಅನ್ನುವ ಸ್ಯಾಂಪಲ್ ಓಡಿಸಿ. ಕಂಬಸಾಲಿನ ಒಂದು ಹಳೇ ಅಂಗಳ, ಅದರ ತುಂಬ ಬಣ್ಣಬಣ್ಣದ ಹತ್ತಾರು ದೀಪ. ಆ ದೃಶ್ಯದ ಹೆಸರು ಸ್ಪಾಂಜಾ. ಕ್ರೊಯೇಷಿಯಾದ ಡುಬ್ರೋವ್ನಿಕ್ ಊರಿನ ಸ್ಪಾಂಜಾ ಅರಮನೆಯ ಮಾದರಿ ಅದು. ಪ್ರಪಂಚದ ಗ್ರಾಫಿಕ್ಸ್ ಮಂದಿಯೆಲ್ಲ ಬೆಳಕಿನ ಪರೀಕ್ಷೆ ಮಾಡುವುದು ಅದೇ ಅರಮನೆಯಲ್ಲಿ. ನಮ್ಮೂರಲ್ಲಿ ಅದಕ್ಕಿಂತ ಒಳ್ಳೇ ಪರೀಕ್ಷೆ ಇದೆ ಅಂತ ನನ್ನ ವಾದ. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹತ್ತುವುದನ್ನು ನೋಡಿದ್ದೀರಲ್ಲ? ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು.

ಅದನ್ನು ಸಾಮಾನ್ಯ ರೀತಿಯಲ್ಲಿ ರೆಂಡರ್ ಮಾಡಲು ಹೋದರೆ ಏನಾಗುತ್ತದೆ ನೋಡಿ. 1920×1080 ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೂ ಒಂದು ಲಕ್ಷ ದೀಪದ ಲೆಕ್ಕ ಹಾಕಿದರೆ ಒಂದು ಫ್ರೇಮ್‌ಗೆ 20 ಸಾವಿರ ಕೋಟಿ ಲೆಕ್ಕ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದರೆ 12 ಲಕ್ಷ ಕೋಟಿ. ಅದರ ಮೇಲೆ, ಒಂದರ ಹಿಂದೆ ಒಂದು ಅಡಗಿರುವ ಗೋಡೆಗಳಿಗೂ ಲೆಕ್ಕ ಹಾಕಿ ಆಮೇಲೆ ಅಳಿಸುವ ದಂಡದ ಕೆಲಸ ಬೇರೆ. ಡಿಫರ್ಡ್ ರೆಂಡರಿಂಗ್ ಈ ದಂಡವನ್ನು ತಪ್ಪಿಸುತ್ತದೆ. ಮೊದಲ ಸುತ್ತಿನಲ್ಲಿ ಕಣ್ಣಿಗೆ ಕಾಣುವ ಪಿಕ್ಸೆಲ್‌ಗಳ ಬಣ್ಣ, ದಿಕ್ಕು, ದೂರ ಇಷ್ಟನ್ನೇ ಬರೆದಿಟ್ಟುಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಅವಕ್ಕೆ ಮಾತ್ರ ಬೆಳಕಿನ ಲೆಕ್ಕ. ಸಬ್‌ಪಾಸಸ್ ಸ್ಯಾಂಪಲ್ ತೋರಿಸುವುದು, ಫೋನ್‌ನ ಜಿಪಿಯುನಲ್ಲಿ ಈ ಎರಡು ಸುತ್ತಿನ ಮಧ್ಯೆ ದೊಡ್ಡ ಮೆಮೊರಿಗೆ ಹೋಗಿ ಬರುವುದನ್ನು ಹೇಗೆ ತಪ್ಪಿಸಬಹುದು ಅಂತ.

ಅಷ್ಟು ಮಾಡಿದರೂ ಲಕ್ಷ ದೀಪ ಆಗದ ಮಾತು. ಅರಮನೆಯನ್ನೇ ಪ್ರಾಜೆಕ್ಟ್ ಮಾಡುವವರಿಗೆ ನನ್ನ ಸಲಹೆ: ಬಲ್ಬುಗಳನ್ನು ದೀಪ ಅಂತ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಹೊಳೆಯುವ ಚುಕ್ಕಿಗಳ ಎಮಿಸಿವ್ ಟೆಕ್ಸ್ಚರ್ (ತಾನೇ ಬೆಳಗುವಂತೆ ಕಾಣುವ ಚಿತ್ರ) ಮಾಡಿ, ಮೇಲೆ ಸ್ವಲ್ಪ ಬ್ಲೂಮ್ (ಸುತ್ತ ಹರಡುವ ಹೊಳಪು) ಕೊಡಿ. ಗೋಡೆಗೆ, ನೆಲಕ್ಕೆ ಬೀಳುವ ಬೆಳಕಿಗೆ ಹತ್ತೋ ಇಪ್ಪತ್ತೋ ದೊಡ್ಡ ದೀಪ ಸಾಕು. ಬ್ಲೆಂಡರ್ ಅನ್ನುವ 3ಡಿ ಪ್ರೋಗ್ರಾಂನಲ್ಲಿ ಮಾದರಿ ಮಾಡಿ, ಜಿಎಲ್‌ಟಿಎಫ್ ಅನ್ನುವ ಫೈಲ್ ಮಾದರಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ. ಈ ಸ್ಯಾಂಪಲ್‌ನ ಕೋಡಿನಲ್ಲಿ ‘ಲೋಡ್_ಸೀನ್’ ಇರುವ ಕಡೆ ಸ್ಪಾಂಜಾದ ಹಾದಿ ತೆಗೆದು ನಿಮ್ಮದನ್ನು ಹಾಕಿ. ದೀಪಗಳ ಜಾಗದ ಅಂಕಿಗಳು ಸ್ಪಾಂಜಾದ ಅಳತೆಗೆ ಬರೆದವು. ಅವನ್ನೂ ಬದಲಿಸಬೇಕು, ಇಲ್ಲದಿದ್ದರೆ ದೀಪಗಳೆಲ್ಲ ಅರಮನೆಯ ಹೊರಗೆ ಎಲ್ಲೋ ಉರಿಯುತ್ತಿರುತ್ತವೆ.

ಕೋಡ್ ಬದಲಿಸಲು ಶುರು ಮಾಡಿದ ಮೇಲೆ ವ್ಯಾಲಿಡೇಷನ್ ಲೇಯರ್ ಇಲ್ಲದೆ ಕೆಲಸ ಮಾಡಬೇಡಿ. ವಲ್ಕನ್-ವ್ಯಾಲಿಡೇಷನ್‌ಲೇಯರ್ಸ್ ಪ್ಯಾಕೇಜ್ ಹಾಕಿಕೊಂಡು, ಸಿಮೇಕ್ ಹಂತದಲ್ಲಿ -ಡಿವಿಕೆಬಿ_ವ್ಯಾಲಿಡೇಷನ್_ಲೇಯರ್ಸ್=ಆನ್ ಕೊಡಿ. ವಲ್ಕನ್ ತಾನಾಗಿ ತಪ್ಪು ಹಿಡಿಯುವುದಿಲ್ಲ. ನೀವು ತಪ್ಪು ಹೇಳಿದರೆ ಒಂದು ಕಾರ್ಡಿನಲ್ಲಿ ಚಿತ್ರ ಬರುತ್ತದೆ, ಇನ್ನೊಂದರಲ್ಲಿ ಕಪ್ಪು ಪರದೆ. ಈ ಲೇಯರ್ ಮಾತ್ರ ಯಾವ ಕರೆಯಲ್ಲಿ ಯಾವ ನಿಯಮ ಮುರಿದಿರಿ ಅಂತ ಬರೆದು ಹೇಳುತ್ತದೆ. ಚಿತ್ರವೇ ತಪ್ಪು ಬರುತ್ತಿದ್ದರೆ ರೆಂಡರ್‌ಡಾಕ್ ಹಾಕಿಕೊಳ್ಳಿ. ಅದರಿಂದ ಪ್ರೋಗ್ರಾಂ ಓಡಿಸಿ ಎಫ್12 ಒತ್ತಿದರೆ ಒಂದು ಫ್ರೇಮ್ ಪೂರ್ತಿ ಸೆರೆಯಾಗುತ್ತದೆ. ಆಮೇಲೆ ಒಂದೊಂದೇ ಹಂತ ಬಿಚ್ಚಿ ನೋಡಬಹುದು.

ಅಳೆಯುವಾಗ ವ್ಯಾಲಿಡೇಷನ್ ಆಫ್ ಮಾಡಿ, ರಿಲೀಸ್ ಬಿಲ್ಡನ್ನೇ ಬಳಸಿ. ಸ್ಯಾಂಪಲ್ ಹೆಸರು ಆದಮೇಲೆ --ಬೆಂಚ್‌ಮಾರ್ಕ್ --ಸ್ಟಾಪ್-ಆಫ್ಟರ್-ಫ್ರೇಮ್ 5000 ಅಂತ ಕೊಟ್ಟರೆ 5000 ಫ್ರೇಮ್ ಓಡಿಸಿ ಲೆಕ್ಕ ಕೊಡುತ್ತದೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಬರೆಯಬೇಡಿ, ಒಂದು ಫ್ರೇಮ್‌ಗೆ ಎಷ್ಟು ಮಿಲಿಸೆಕೆಂಡ್ ಅಂತ ಬರೆಯಿರಿ. 1000 ಎಫ್‌ಪಿಎಸ್‌ನಿಂದ 500ಕ್ಕೆ ಇಳಿದರೆ ಭಯಂಕರ ಅನ್ನಿಸುತ್ತದೆ, ಆದರೆ ಹೆಚ್ಚಾದದ್ದು 1 ಮಿಲಿಸೆಕೆಂಡ್. 60ರಿಂದ 30ಕ್ಕೆ ಇಳಿದರೆ 16.7 ಮಿಲಿಸೆಕೆಂಡ್ ಹೆಚ್ಚಾಯಿತು. ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿ ಅಳೆಯಿರಿ, ಹಾಸಿಗೆಯ ಮೇಲೆ ಇಟ್ಟು ಅಳೆಯಬೇಡಿ. ಬಿಸಿಯಾದ ಜಿಪಿಯು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂಕಿಯ ಪಕ್ಕದಲ್ಲಿ ಜಿಪಿಯು ಹೆಸರು, ಡ್ರೈವರ್ ಆವೃತ್ತಿ, ಪರದೆಯ ಅಳತೆ ಇರಲಿ. ಮೂರರಲ್ಲಿ ಮೊದಲಿನ ಎರಡು ವಲ್ಕನ್‌ಇನ್ಫೊದಲ್ಲೇ ಸಿಗುತ್ತವೆ. ಸ್ಯಾಂಪಲ್ಸ್ ಕೋಡ್ ಅಪಾಚೆ 2.0 ಲೈಸೆನ್ಸಿನಲ್ಲಿದೆ. ಬದಲಿಸಿ ಬಳಸಬಹುದು, ಆದರೆ ಫೈಲಿನ ಮೇಲಿರುವ ಕಾಪಿರೈಟ್ ಸಾಲುಗಳನ್ನು ಅಳಿಸುವಂತಿಲ್ಲ. ದೃಶ್ಯ, ಟೆಕ್ಸ್ಚರ್‌ಗಳ ಲೈಸೆನ್ಸ್ ಬೇರೆ ಬೇರೆ. ರಿಪೋರ್ಟಿನಲ್ಲಿ ಅವುಗಳ ಚಿತ್ರ ಹಾಕುವ ಮುಂಚೆ ಅಸೆಟ್ಸ್ ಫೋಲ್ಡರಿನ ಲೈಸೆನ್ಸ್ ಫೈಲ್ ಒಮ್ಮೆ ತೆರೆದು ಓದಿ.